ತಾರಿಯವನ ಹೆಂಡತಿಗೆ ಹೊಂದುವ ಉಪಾಯ

ಹೊನ್ನಾವರದ ಸರಕಾರಿ ದವಾಖಾನೆಗೆ ನಾನು ಡಾಕ್ಟರಾಗಿ ಬಂದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಮೇಜಿನ ಮುಂದೆ ಬಂದು ಕೂತ ಹೆಂಗಸರೆಲ್ಲ ತಮ್ಮ ಕಾಯಿಲೆ ಹೇಳುವ ಮೊದಲು ಕೇಳುತ್ತಿದ್ದುದು ಅದನ್ನೇ. ಅರವತ್ತರ ದಶಕದ ನಡುವಿನ ಕಾಲ. ಮಕ್ಕಳು ಸಾಕು ಎನ್ನುವವರಿಗೆ ಉಪಾಯ ಹೇಳಿಕೊಡಿ ಎಂದು ಸರಕಾರ ಕಟ್ಟಪ್ಪಣೆ ಮಾಡಿತ್ತು, ಹೇಳಿಕೊಡಬೇಕಾದವಳು ನಾನು. ಮದುವೆಯಾಗದ ಹುಡುಗಿ ಗಂಡ ಹೆಂಡಿರ ವಿಷಯ ತೆಗೆದರೆ ಕೇಳುವವರ ಮುಖ ಹೇಗಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಒಬ್ಬಳು ಅಜ್ಜಿ ಮಾತ್ರ ನನ್ನ ಪರ ವಹಿಸಿದಳು. "ಡಾಕ್ಟ್ರಬಾಯಿಗೆ ಒಂದು ಮಗುವೂ ಇಲ್ಲ ಅಂದ್ರೆ ಅವರ ಮದ್ದು ಪಕ್ಕಾ ಅದೆ ಅಂತ ಆತಲ್ಲ" ಎಂದು ಸಾಲಿನಲ್ಲಿ ಕೂತವರಿಗೆಲ್ಲ ಧೈರ್ಯ ಹೇಳಿದಳು.

ಕುಮಟೆಯಲ್ಲಿದ್ದ ನನ್ನ ಅಮ್ಮನಿಗೆ ಈ ಕೆಲಸದ ಹೆಸರೆತ್ತಿದರೆ ಮೈಯೆಲ್ಲ ಉರಿ. ರಜೆಯಲ್ಲಿ ಮನೆಗೆ ಹೋದಾಗ ಒಳಗೆ ಕರೆದು ಮೆಲ್ಲಗೆ ಹೇಳಿದಳು: "ನೆಂಟರು ಕೇಳಿರೆ ಆನು ಎಂತ ಹೇಳವು? ಜ್ವರ, ಕೆಮ್ಮಿಗೆ ಮದ್ದು ಕೊಡ್ತು ಹೇಳಿ ಆನು ಹೇಳಿದ್ದಿ. ನೀನೂ ಅಷ್ಟೇ ಹೇಳು." ಅದರ ಫಲವಾಗಿ ಮದುವೆ ಮುಂಜಿಗಳಲ್ಲಿ ನೆಂಟರೆಲ್ಲ ನನ್ನ ಹತ್ತಿರ ಬಂದು ಕೆಮ್ಮತೊಡಗಿದರು. ಗುಟ್ಟಾಗಿ ಬೇರೆ ವಿಷಯ ಕೇಳಬೇಕಾಗಿದ್ದ ಹೆಂಗಸರೂ ಮೊದಲೊಮ್ಮೆ ಕೆಮ್ಮಿಯೇ ಮಾತು ಶುರು ಮಾಡುತ್ತಿದ್ದರು. ಕೊನೆಕೊನೆಗೆ ನಿಜವಾಗಿ ಕೆಮ್ಮಿದವರನ್ನು ಕಂಡರೂ ನನಗೆ ಅನುಮಾನ ಬರುತ್ತಿತ್ತು.

ದವಾಖಾನೆಯ ಕಪಾಟಿನಲ್ಲಿದ್ದ ಉಪಾಯಗಳು ಕೆಲವೇ. ಒಂದು ನೊರೆ ಗುಳಿಗೆ. ಒದ್ದೆ ಮಾಡಿ ಒಳಗಿಟ್ಟುಕೊಂಡರೆ ನೊರೆ ಬಂದು ಬಸಿರನ್ನು ತಡೆಯಬೇಕು, ಅದು ಅದರ ಕೆಲಸ. ಅದನ್ನು ಕಂಡುಹಿಡಿದವರು ಆಷಾಢದಲ್ಲಿ ಹೊನ್ನಾವರಕ್ಕೆ ಬಂದವರಲ್ಲ. ಭರಣಿಯಲ್ಲಿಟ್ಟ ಉಪ್ಪೇ ನೀರಾಗುವ ಊರಿದು. ಡಬ್ಬಿಯ ಮುಚ್ಚಳ ಒಮ್ಮೆ ತೆಗೆದರೆ ಸಾಕು, ಗುಳಿಗೆಗಳು ತಮ್ಮಷ್ಟಕ್ಕೇ ಬುಸುಬುಸು ಎಂದು ನೊರೆಬಿಟ್ಟು ಮುಗಿಯುತ್ತಿದ್ದವು. ಮಾವಿನಕುರ್ವೆ ಕಡೆಯ ಒಬ್ಬಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ದೂರಿದಳು: "ಬಾಯಿ, ಇದು ಗಂಡ ಬರೂಕೂ ಮುಂಚೆನೇ ಆಗಿ ಹೋತು." ಇನ್ನೊಂದು ರಬ್ಬರಿನ ಟೊಪ್ಪಿ, ಗರ್ಭಕೋಶದ ಬಾಯಿಗೆ ಮುಚ್ಚುವಂಥದು. ಅದನ್ನು ತೊಳೆದು, ಒಣಗಿಸಿ, ಯಾರ ಕಣ್ಣಿಗೂ ಬೀಳದಂತೆ ಇಡಬೇಕು. ಕೂಡುಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಎಲ್ಲಿ ಬಂತು? ಒಂದು ಮನೆಯಲ್ಲಿ ಅತ್ತೆಗೆ ಸಿಕ್ಕಿತು. ಆಕೆ ಅದನ್ನು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಮುಚ್ಚಿ, ಗಾಳಿಯೇ ಆಡುವುದಿಲ್ಲ ಎಂದು ಹೊಗಳಿ, ಇನ್ನೊಂದು ಕೊಡಿ ಎಂದು ಸೊಸೆಯನ್ನೇ ನನ್ನ ಹತ್ತಿರ ಕಳಿಸಿದಳು. ಆ ಸೊಸೆ ಮುಂದಿನ ವರ್ಷ ಹೆತ್ತಳು. ಉಪ್ಪಿನಕಾಯಿ ಕೆಡಲಿಲ್ಲವಂತೆ.

ನಗುವುದಿರಲಿ, ಯಾರ ಮೈಗೆ ಯಾವುದು ಹೊಂದುತ್ತದೆ ಎಂದು ನೋಡಿ ಕೊಡುವುದೇ ನನ್ನ ಕಸುಬು ಎಂದು ನಾನು ನಂಬಿದ್ದೆ. ಗರ್ಭಕೋಶ ಜಗ್ಗಿದವಳಿಗೆ ಟೊಪ್ಪಿ ನಿಲ್ಲುವುದಿಲ್ಲ. ಮುಟ್ಟು ಹೊತ್ತುಗೊತ್ತಿಲ್ಲದೆ ಬರುವವಳಿಗೆ ದಿನ ಎಣಿಸುವ ಲೆಕ್ಕ ಹೇಳಿಕೊಟ್ಟು ಉಪಯೋಗವಿಲ್ಲ. ಮಗುವಿಗೆ ಹಾಲು ಕೊಡುತ್ತಿದ್ದೇನೆ, ನನಗೇನೂ ಆಗದು ಎಂದು ಧೈರ್ಯವಾಗಿರುವವಳನ್ನು ಗದರಿಸಬೇಕು. ಗದರಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ನನ್ನ ಕೋಪ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ.

ಅಷ್ಟರಲ್ಲಿ ವಂಕಿ ಬಂತು. ಬಿಳಿ ಪ್ಲಾಸ್ಟಿಕ್ಕಿನ ಸುರುಳಿ, ಗರ್ಭಕೋಶದೊಳಗೆ ಇಟ್ಟುಬಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ. ಒಳ್ಳೆಯ ವಸ್ತುವೇ. ಆದರೆ ಜಿಲ್ಲಾ ಕಚೇರಿಯಿಂದ ಜೀಪಿನಲ್ಲಿ ಬರುತ್ತಿದ್ದ ನಮ್ಮ ಸಾಹೇಬರಿಗೆ ಅದರ ಮೇಲೆ ಎಂಥ ಮೋಹ ಹುಟ್ಟಿತೆಂದರೆ, ಸೀರೆ ಉಟ್ಟವರೆಲ್ಲ ಅವರ ಕಣ್ಣಿಗೆ ವಂಕಿ ಇಲ್ಲದವರಾಗಿ ಕಾಣತೊಡಗಿದರು. ಭಟ್ಕಳದಲ್ಲಿ ಒಂದು ಶಿಬಿರ ನಡೆಯಿತು. ಪರದೆಯ ಈಚೆ ನಾನು ಒಬ್ಬೊಬ್ಬಳ ಕಣ್ಣಿನ ರೆಪ್ಪೆ ಕೆಳಗೆಳೆದು ರಕ್ತವಿದೆಯೇ ನೋಡಿ, ತಿಂಗಳಿಗೆ ಎಷ್ಟು ಹೋಗುತ್ತದೆ, ಕಿಬ್ಬೊಟ್ಟೆಯಲ್ಲಿ ನೋವುಂಟೋ ಎಂದು ಕೇಳಿ, ಬೆಳ್ಳಗೆ ಬಿಳಿಚಿಕೊಂಡವರನ್ನು ಕಬ್ಬಿಣದ ಗುಳಿಗೆ ಕೊಟ್ಟು ತಿರುಗಿ ಕಳಿಸುತ್ತಿದ್ದೆ. ರಕ್ತವೇ ಇಲ್ಲದವಳಿಗೆ ವಂಕಿ ಹಾಕಿದರೆ ಇದ್ದದ್ದೂ ಹರಿದು ಹೋಗುತ್ತದೆ. ಪರದೆಯ ಆಚೆಯಿಂದ ಸಾಹೇಬರ ಸಹನೆ ಕೆಟ್ಟಿತು.

"ನೀವು ವಂಕಿ ಹಾಕೋದಕ್ಕೆ ಬಂದಿದ್ದೋ, ವಧುಪರೀಕ್ಷೆ ಮಾಡೋದಕ್ಕೆ ಬಂದಿದ್ದೋ?"

"ಇವರ ವಧುಪರೀಕ್ಷೆಯಲ್ಲಿ ಯಾರೂ ಕಣ್ಣಿನ ರೆಪ್ಪೆ ಎಳೆದು ನೋಡಲಿಲ್ಲ ಸಾರ್. ನೋಡಿದ್ದರೆ ಒಳ್ಳೆಯದಿತ್ತು" ಎಂದೆ.

ಭಟ್ಕಳದ ನವಾಯತ ಮುಸಲ್ಮಾನರ ಮನೆಯ ಹಿರಿಯ ಹೆಂಗಸೊಬ್ಬರು ಒಳಗೆ ಕೂತಿದ್ದರು. ಕನ್ನಡ ಅರ್ಧಂಬರ್ಧ ತಿಳಿಯುತ್ತಿದ್ದ ಅವರು ಕಿಸಕ್ಕನೆ ನಕ್ಕುಬಿಟ್ಟರು. ಸಾಹೇಬರು ಅಂದು ನಮ್ಮನ್ನು ಬಿಟ್ಟು ಜೀಪಿನಲ್ಲಿ ಹೊರಟುಹೋದರು. ನಾನೂ ನರ್ಸಬಾಯಿಯೂ ಬಸ್ಸಿನಲ್ಲಿ ಬಂದೆವು.

ಇಷ್ಟೆಲ್ಲ ಗೊತ್ತಿದ್ದವಳೆಂದು ಬೀಗುತ್ತಿದ್ದ ನನ್ನೆದುರಿಗೆ, ಯಾವುದೂ ಹೊಂದದ ಒಬ್ಬಳು ಬಂದಳು.

ಆಗ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸಿಳಿದು ತಾರಿಯ ದೋಣಿಯಲ್ಲಿ ಹೊಳೆ ದಾಟಬೇಕು. ಆಚೆ ದಡದ ಬಾಣಂತಿಯರನ್ನು ನೋಡಲು ನಾನು ವಾರಕ್ಕೊಮ್ಮೆ ದಾಟುತ್ತಿದ್ದೆ, ಹೆಚ್ಚಾಗಿ ಒಬ್ಬನ ದೋಣಿಯಲ್ಲೇ. ಎತ್ತರದ ಆಳು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಅವನ ತಾಯಿ ಆಡುತ್ತಿದ್ದಳು. ಅವಳು ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಮಾರುವವಳು. ಅವಳು ಬಂಗಡೆಯ ದರ ಕೂಗಿದರೆ ಹೊಳೆಯ ನಡುವೆ ಇದ್ದ ನಮಗೆ ಕೇಳುತ್ತಿತ್ತು. ಆಕೆಯೇ ಒಂದು ದಿನ ಸೊಸೆಯನ್ನು ದವಾಖಾನೆಗೆ ಕರೆತಂದಳು. ಸೊಸೆಯ ತವರು ಭಟ್ಕಳದ ಕಡೆಯ ಬೆಳಕೆ. ಸಣ್ಣ ಪ್ರಾಯ, ಮೂರು ಮಕ್ಕಳು, ಮಾತೇ ಇಲ್ಲ.

"ಕೆಮ್ಮಿದ್ರೆ ರಕ್ತ ಬರ್ತದೆ ಇದಕೆ. ಕ್ಷಯ ಹೌದಾ ಅಲ್ದಾ ಕಾಣಿ" ಎಂದಳು ಅತ್ತೆ.

ಕ್ಷಯವಲ್ಲ. ಎದೆಗೆ ಸ್ಟೆತೊಸ್ಕೋಪು ಇಟ್ಟ ಕೂಡಲೇ ಗೊತ್ತಾಯಿತು. ಚಿಕ್ಕಂದಿನಲ್ಲಿ ಯಾವಾಗಲೋ ಕೀಲುನೋವಿನ ಜ್ವರ ಬಂದು ಹೃದಯದ ಕವಾಟವನ್ನು ಕಿರಿದು ಮಾಡಿ ಹೋಗಿತ್ತು. ಕೊನೆಯ ಹೆರಿಗೆಯಲ್ಲಿ ಮಲಗಲಾರದೆ, ಕೂತಲ್ಲೇ ಉಸಿರಿಗಾಗಿ ಒದ್ದಾಡಿ ಹೇಗೋ ಉಳಿದಿದ್ದಳು. ಇನ್ನೊಂದು ಬಸಿರು ನಿಂತರೆ ಈ ಹೆಂಗಸು ಉಳಿಯುವುದಿಲ್ಲ. ಅದನ್ನು ಹಾಗೆಯೇ ಅತ್ತೆಗೆ ಹೇಳಿದೆ.

ಕಪಾಟಿನ ಮುಂದೆ ನಿಂತು ಯೋಚಿಸಿದೆ. ವಂಕಿ ಇಡೋಣವೆಂದರೆ ಮೈಯಲ್ಲಿ ರಕ್ತವಿಲ್ಲ, ಸಾಲದ್ದಕ್ಕೆ ನಂಜು ಏನಾದರೂ ಏರಿದರೆ ನೇರವಾಗಿ ಕೆಟ್ಟ ಕವಾಟಕ್ಕೇ ಹೋಗಿ ಕೂರುತ್ತದೆ. ಹೆಂಗಸರ ಆಪರೇಶನ್ನಿಗೆ ಮತ್ತು ಬರಿಸಬೇಕು. ಈ ಎದೆ ತಡೆಯುವುದಿಲ್ಲ. ಗರ್ಭಕೋಶ ಜಗ್ಗಿದ್ದರಿಂದ ಟೊಪ್ಪಿ ನಿಲ್ಲುವ ಹಾಗಿರಲಿಲ್ಲ. ನೊರೆ ಗುಳಿಗೆಯನ್ನು ನಂಬಿ ಜೀವ ಪಣಕ್ಕಿಡುವುದೇ? ನುಂಗುವ ಮಾತ್ರೆಯೊಂದು ಮುಂಬೈಗೆ ಬಂದಿದೆಯೆಂದು ಕೇಳಿದ್ದೆ, ನಮ್ಮ ಕಪಾಟಿಗೆ ಬಂದಿರಲಿಲ್ಲ, ಬಂದಿದ್ದರೂ ಇಂಥ ಹೃದಯಕ್ಕೆ ಕೊಡುವ ಧೈರ್ಯ ನನಗಿರಲಿಲ್ಲ. ಗಂಡ ದೂರ ಮಲಗಲಿ ಎಂದರೆ, "ಇರೂದೊಂದೇ ಕೋಣೆ, ದೂರ ಅಂದ್ರೆ ಹೊಳೆಯಾಗೇ ಮಲಗ್ಬೇಕು" ಎಂದಳು ಅತ್ತೆ. ಉಳಿದದ್ದು ಒಂದೇ.

"ನಿಮ್ಮ ಮಗನಿಗೆ ಆಪರೇಶನ್ ಮಾಡಿಸಿ. ಸಣ್ಣದು. ಪ್ರಜ್ಞೆ ತಪ್ಪಿಸುವುದೂ ಇಲ್ಲ, ಅಂದೇ ಮನೆಗೆ ಬರಬಹುದು."

ಅತ್ತೆಯ ಧ್ವನಿ ದಕ್ಕೆಯ ಮಟ್ಟಕ್ಕೇರಿತು. "ಎಂತದು? ರೋಗ ಸೊಸೆಗೆ, ಕತ್ತರಿ ಮಗನಿಗಾ? ನಂಗೆ ಹಲ್ಲುನೋವಾದ್ರೆ ನನ್ನ ಗಂಡನ ಹಲ್ಲು ಕೀಳ್ತ್ರಾ ನೀವು?"

ಹೊರಗೆ ಸಾಲಿನಲ್ಲಿದ್ದವರೆಲ್ಲ ಆಕೆಯ ಕಡೆಗಾದರು.

ಮಗನ ಹತ್ತಿರವೇ ಮಾತಾಡೋಣವೆಂದು ಮರುದಿನ ದೋಣಿ ಹತ್ತಿದೆ. ನನ್ನ ಗ್ರಹಚಾರಕ್ಕೆ ಅಂದು ದೋಣಿ ತುಂಬಿತ್ತು. ಪಿಸುಮಾತಿನಲ್ಲಿ ಶುರು ಮಾಡಿದರೂ ಅರ್ಧ ಹೊಳೆಯೊಳಗೆ ವಿಷಯ ಎಲ್ಲರದೂ ಆಯಿತು. ಅವನು ಬಿದಿರಿನ ಜಲ್ಲೆ ಒತ್ತಿ ದೋಣಿ ನೂಕುತ್ತ, ನನ್ನ ಮುಖ ನೋಡದೆ, ಒಂದೇ ಮಾತು ಕೇಳಿದ.

"ಆಮೇಲೆ ಜಲ್ಲೆ ಒತ್ತೂಕೆ ಶಕ್ತಿ ಇರ್ತದಾ?"

"ಒಂದು ಚೂರೂ ಕಮ್ಮಿಯಾಗುವುದಿಲ್ಲ" ಎಂದೆ.

ಗೇರುಸೊಪ್ಪೆಯ ಕಡೆಯ ಒಬ್ಬ ಅಡಿಕೆ ವ್ಯಾಪಾರಿ ನನಗೆ ಸಹಾಯ ಮಾಡಲು ಮುಂದೆ ಬಂದ. "ಡಾಕ್ಟ್ರಬಾಯಿ ಹೇಳೂದು ಖರೆ ಮಾರಾಯ. ಹೋರಿಗೆ ಬೀಜ ಒಡೆಸಿದ ಮೇಲೇ ಅಲ್ಲನಾ ಅದು ಗಾಡಿ ಎಳಿಯೂದು?"

ಜಲ್ಲೆ ನಿಂತಿತು. ದೋಣಿಯೂ ನಿಂತಿತು. ಇದು ಅದಲ್ಲ, ಎರಡು ಸಣ್ಣ ನಾಳ ಕತ್ತರಿಸಿ ಕಟ್ಟುವುದಷ್ಟೇ, ಗಂಡಸುತನಕ್ಕೆ ಏನೂ ಆಗುವುದಿಲ್ಲ ಎಂದು ನಾನು ಮೀನುಬುಟ್ಟಿಗಳ ನಡುವೆ ನಿಂತು ಕೈಸನ್ನೆ ಸಮೇತ ವಿವರಿಸಿದೆ. ಕುಮಟೆಯ ನನ್ನ ಅಮ್ಮ ಆಗ ನೋಡಿದ್ದರೆ ನೇರ ಹೊಳೆಗೆ ಹಾರುತ್ತಿದ್ದಳು. ಎಲ್ಲ ಕೇಳಿದ ಮೇಲೆ ಅವನು ಹೇಳಿದ್ದು ಇಷ್ಟು: "ಅಬ್ಬೆ ಪ್ರಸಾದ ಕೇಳೂದು ಅಂದದೆ. ಅಮ್ಮನವರು ಹೂಂ ಅಂದ್ರೆ ನಂದೂ ಹೂಂ."

ಪ್ರಸಾದ ಕೇಳುವುದೆಂದರೆ ನಮ್ಮ ಕಡೆ ಎಲ್ಲದಕ್ಕೂ ಇದ್ದದ್ದೇ. ಮದುವೆಯ ಸಂಬಂಧವೋ, ಬಾವಿ ತೋಡುವ ಜಾಗವೋ, ಕಳೆದ ಎಮ್ಮೆಯೋ, ಊರ ಅಮ್ಮನವರ ಮೂರ್ತಿಗೆ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಕೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನನಗೆ ಸಿಟ್ಟು ನೆತ್ತಿಗೇರಿತು. ಕವಾಟ ಕೆಟ್ಟದ್ದನ್ನು ಅಬ್ಬಲಿಗೆ ಹೂವಿನ ಹತ್ತಿರ ಕೇಳುವುದೇ! ಆದರೆ ಅಮ್ಮನವರು ಹೂಂ ಎನ್ನದೆ ಅವನು ಬರುವವನಲ್ಲ, ಅವನು ಬರದಿದ್ದರೆ ಅವಳು ಉಳಿಯುವವಳಲ್ಲ. ಮಂಗಳವಾರ ನಾನೂ ಗುಡಿಗೆ ಹೋದೆ.

ಗುಡಿಯಲ್ಲಿ ಪೂಜೆ ಮಾಡುವ ಗುನಗ ಹೂ ಅದ್ದಿಕೊಂಡು ತಯಾರಾಗಿದ್ದ. ಅತ್ತೆ ಸೆರಗು ಹೊದ್ದು ಶುರು ಮಾಡಿದಳು: "ಅಮ್ಮಾ, ಈ ಡಾಕ್ಟ್ರಬಾಯಿ ಹೇಳೂದೆಲ್ಲ ಮಾಡಿಸೂದಾ ಬ್ಯಾಡದಾ..."

ನನಗೆ ಗಾಬರಿಯಾಯಿತು. ಸಾರಾಸಗಟಾಗಿ ಕೇಳಿ ಎಡಕ್ಕೆ ಬಿದ್ದರೆ ಎಲ್ಲ ಮುಗಿದ ಹಾಗೆ. "ಹಾಗೆ ಕೇಳಬೇಡಿ! ಒಂದೊಂದೇ ಉಪಾಯ ಬೇರೆ ಬೇರೆ ಕೇಳಿ" ಎಂದು ಬಾಯಿ ಹಾಕಿದೆ. ದೇವರನ್ನು ನಂಬದ ನಾನು ದೇವರಿಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸುತ್ತ ನಿಂತಿದ್ದೆ. ಗುನಗ ನನ್ನ ಮಾತಿಗೆ ತಲೆದೂಗಿ, "ಹೌದು, ಅಮ್ಮನವರಿಗೆ ಬಿಡಿಸಿ ಹೇಳ್ಬೇಕು" ಎಂದ.

ವಂಕಿ ಎಂದರು. ಎಡಕ್ಕೆ ಬಿತ್ತು. ಸರಿಯಾದ ಉತ್ತರ. ಸೊಸೆಗೆ ಆಪರೇಶನ್ ಎಂದರು. ಎಡಕ್ಕೆ. ಅದೂ ಸರಿ. ನೊರೆ ಗುಳಿಗೆ ಎನ್ನುವಷ್ಟರಲ್ಲೇ ಎಡಗಡೆಯ ಹೂ ಧೊಪ್ಪನೆ ಬಿತ್ತು. ಮಳೆಗಾಲದ ಅನುಭವ ಅಮ್ಮನವರಿಗೂ ಇದ್ದಿರಬೇಕು. ನಮ್ಮ ಸಾಹೇಬರಿಗಿಂತ ಈಕೆಗೆ ವೈದ್ಯಶಾಸ್ತ್ರ ಚೆನ್ನಾಗಿ ಗೊತ್ತಿದೆಯಲ್ಲ ಎಂದು ನನಗೆ ಸಂತೋಷವೇ ಆಯಿತು. ಅಷ್ಟರಲ್ಲಿ ಅತ್ತೆ ಕೈಮುಗಿದು, "ಎಂತದೂ ಬ್ಯಾಡ ಅಂದ್ರು ಅಮ್ಮನವ್ರು. ಆತು, ನಡೀರಿ" ಎಂದು ಹೊರಟಳು. ಮಗನ ಹೆಸರನ್ನು ಎತ್ತಲೇ ಇಲ್ಲ. ಮಗ ಕಂಬಕ್ಕೆ ಆತು ನಿಂತು ಹಾಯಾಗಿ ಉಸಿರುಬಿಟ್ಟ.

"ಇನ್ನೊಂದು ಉಂಟಲ್ಲ" ಎಂದಿತು ಒಂದು ಧ್ವನಿ. ಯಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸೊಸೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅವಳು ಮುಂದೆ ಬಂದು, ಮೂರ್ತಿಯನ್ನು ನೋಡುತ್ತ, ಉಸಿರು ತೆಗೆದು ತೆಗೆದು ಹೇಳಿದಳು: "ಅಮ್ಮಾ, ಇವರಿಗೆ ಮಾಡಿಸೂದಾ? ನನ್ನ ಮಕ್ಕಳು ಸಣ್ಣವು. ನಂಗೆ ಬದುಕ್ಬೇಕು."

ಗುನಗ ಹೂ ಅಂಟಿಸಿದ. ಹೂ ಬೀಳಲಿಲ್ಲ. ಕಾದೆವು. ಎಡದ್ದೂ ಅಲ್ಲಾಡಲಿಲ್ಲ, ಬಲದ್ದೂ ಅಲ್ಲಾಡಲಿಲ್ಲ. ಗುನಗ ಗಂಟೆ ಬಾರಿಸಿದ, ಇನ್ನೊಮ್ಮೆ ಬೇಡಿಕೊಂಡ. ಗುಡಿಯೊಳಗೆ ಎಣ್ಣೆಯ ಹೊಗೆ, ಸೆಕೆ. ನಿಂತೂ ನಿಂತೂ ಸೊಸೆಗೆ ಉಸಿರು ಕಟ್ಟತೊಡಗಿತು. ಅವಳು ಕುಸಿದು ಕೂತು, ಎರಡೂ ಕೈ ನೆಲಕ್ಕೂರಿ, ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು. ನಾನು ಓಡಿಹೋಗಿ ಬೆನ್ನಿಗೆ ಆಸರೆ ಕೊಟ್ಟು ಹಿಡಿದೆ. ಗಂಡ ಅವಳನ್ನೇ ನೋಡುತ್ತಿದ್ದ. ಅವನು ದಿನವಿಡೀ ಹೊಳೆಯಲ್ಲಿರುವವನು. ಹೆಂಡತಿ ಹಗಲುಹೊತ್ತಿನಲ್ಲಿ ಹೀಗೆ ಒದ್ದಾಡುವುದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲವೋ ಏನೋ.

"ಸಾಕು, ಬಿಡಿ" ಎಂದ. "ಅಮ್ಮನವರಿಗೆ ತ್ರಾಸು ಕೊಡೂದು ಬ್ಯಾಡ. ನಾ ಮಾಡಿಸ್ಕಳ್ತೆ." ಹೇಳಿದವನೇ ಹೆಂಡತಿಗೆ ನೀರು ತರಲು ಚೊಂಬು ಹಿಡಿದು ಬಾವಿಯ ಕಡೆ ನಡೆದ.

ಅವನು ಮೆಟ್ಟಿಲು ಇಳಿದನೋ ಇಲ್ಲವೋ, ಹೂ ಬಿತ್ತು. ಎಡಗಡೆಯದು.

ಗುನಗ ನೋಡಿದ, ನಾನು ನೋಡಿದೆ, ಅತ್ತೆ ನೋಡಿದಳು. ಸೊಸೆ ಕಣ್ಣು ಮುಚ್ಚಿದ್ದಳು. ಗಂಟೆಯ ಸದ್ದು ನಿಂತದ್ದು ಕೇಳಿ ಹೊರಗಿನಿಂದ ಮಗ ಕೂಗಿದ: "ಅಬ್ಬೇ, ಎಂತಾತು?"

ಗುನಗ ಬಾಯಿ ತೆರೆದ. ಅತ್ತೆ ಅವನನ್ನು ಒಮ್ಮೆ ನೋಡಿದಳು. ದಕ್ಕೆಯಲ್ಲಿ ಚೌಕಾಶಿಗೆ ನಿಂತವರು ಆ ನೋಟಕ್ಕೆ ಹೆದರಿ ಹೇಳಿದ ದರಕ್ಕೇ ಮೀನು ಒಯ್ಯುತ್ತಿದ್ದರು. ಗುನಗ ಬಾಯಿ ಮುಚ್ಚಿದ. ಆಕೆ ಬಗ್ಗಿ, ಬಿದ್ದ ಹೂವನ್ನು ಎತ್ತಿ, ಸೊಸೆಯ ಮುಡಿಗೆ ಸಿಕ್ಕಿಸಿ, ಬಂಗಡೆಯ ದರ ಕೂಗುವ ಧ್ವನಿಯಲ್ಲೇ ಹೇಳಿದಳು: "ಬಲಕ್ಕೇ ಬಿತ್ತು! ನೀರು ಬೇಗ ತಾರಾ!"

ಆಪರೇಶನ್ ಕುಮಟೆಯಲ್ಲಿ ಆಯಿತು. ಆದ ಕೂಡಲೇ ನಿಶ್ಚಿಂತೆಯಲ್ಲ, ಕೆಲವು ತಿಂಗಳು ಜಾಗ್ರತೆ ಬೇಕು ಎಂದು ಅತ್ತೆಗೆ ಎಚ್ಚರಿಸಿದೆ. ಆಕೆಗೆ ಅರೆಬರೆ ಕೆಲಸ ಗೊತ್ತಿರಲಿಲ್ಲ. ಸೊಸೆಯನ್ನೂ ಮಕ್ಕಳನ್ನೂ ಬೆಳಕೆಯ ತವರಿಗೆ ಸಾಗಿಸಿದಳು. ಮಗ ಬಸ್ಸಿನ ಕಡೆ ಮುಖ ಮಾಡಿದರೆ ಸಾಕು, ದಕ್ಕೆಯಿಂದಲೇ ಕೂಗಿ ದೋಣಿಗೆ ಕಳಿಸುತ್ತಿದ್ದಳು. ಅವನು ಮೊದಲಿನ ಹಾಗೆಯೇ ಜಲ್ಲೆ ಒತ್ತುತ್ತಿದ್ದ. ಶಕ್ತಿ ಕಮ್ಮಿಯಾಗಿಲ್ಲವೆಂದು ತೋರಿಸಲೋ ಏನೋ, ನಾನು ಹತ್ತಿದ ದಿನ ದೋಣಿಯನ್ನು ಸ್ವಲ್ಪ ಜೋರಾಗಿಯೇ ಬಿಡುತ್ತಿದ್ದ, ನನ್ನ ಸೀರೆಯೆಲ್ಲ ಒದ್ದೆಯಾಗುತ್ತಿತ್ತು.

ಕೆಲವು ದಿನಗಳಾದ ಮೇಲೆ ಅತ್ತೆ ಒಬ್ಬಳೇ ದವಾಖಾನೆಗೆ ಬಂದಳು. ಸಾಲಿನಲ್ಲಿದ್ದವರನ್ನು ದಾಟಿಕೊಂಡು ನೇರ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ರವಿಕೆಯ ಗುಂಡಿ ಬಿಚ್ಚಿ ಸ್ಟೂಲಿನ ಮೇಲೆ ಕೂತಳು.

"ಎದೆ ಕಾಣಿ" ಎಂದಳು.

"ಏನಾಗುತ್ತದೆ?"

"ನೀವು ಮೊದ್ಲು ಕಾಣಿ."

ಸ್ಟೆತೊಸ್ಕೋಪು ಇಟ್ಟು ಕೇಳಿದೆ. ಹಿಂದೆ ಮುಂದೆ ಎಲ್ಲ ಕೇಳಿದೆ. ಇಪ್ಪತ್ತರ ಹುಡುಗಿಗೂ ಇರದಂಥ ಎದೆ. "ಏನೂ ಇಲ್ಲ. ಗಟ್ಟಿಯಾಗಿದ್ದೀರಿ, ಇನ್ನೂ ಬಹಳ ವರ್ಷ ಮೀನು ಮಾರುತ್ತೀರಿ" ಎಂದು ನಗುತ್ತ ಹೇಳಿದೆ.

ಆಕೆ ನಗಲಿಲ್ಲ. ಮುಖ ಸಣ್ಣದಾಯಿತು. "ಹೂಗು ಎಡಕ್ಕೇ ಬಿದ್ದಿತ್ತು. ನೀವೂ ಕಂಡ್ರಿ" ಎಂದಳು. ನಾನು ಕಂಡಿದ್ದೆ ಎಂದೆ. "ನಾ ಆವಾಗ್ಲೇ ಅಮ್ಮನವರ ಹತ್ರ ಹೇಳ್ಕಂಡೆ. ಸುಳ್ಳು ಹೇಳಿದ್ದು ನಾನು, ಸೊಸೆ ರೋಗ ನಂಗೆ ಕೊಟ್ಬಿಡು, ಅದಕೆ ಬ್ಯಾಡ ಅಂತ. ನಂಗೆ ಸುರುವಾದ್ರೆ ಅದಕೆ ಬಿಟ್ಟು ಹೋತು ಅಂತ ಅಲ್ದಾ?"

ನಾನು ಸ್ಟೆತೊಸ್ಕೋಪನ್ನು ಕಿವಿಯಿಂದ ತೆಗೆಯಹೋದೆ. ಆಕೆ ನನ್ನ ಕೈ ಹಿಡಿದು, ಸ್ಟೆತೊಸ್ಕೋಪನ್ನು ತಾನೇ ತನ್ನ ಎದೆಗೆ ಒತ್ತಿಕೊಂಡಳು.

"ಇನ್ನೊಂದು ಸಲ ಸಮಾ ಕೇಳು ತಂಗೀ" ಎಂದಳು.